ಸಿಲಿಕಾನ್ ಬಿಟ್ಟುಕೊಟ್ಟ ಬೆಳಕು

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ನನ್ನ ಸೋದರಮಾವನ ಹೊಲ ಇದೆ. ಪಹಣಿಯಲ್ಲಿ ಈಗಲೂ ಮಾವನ ಹೆಸರೇ. ಆದರೆ ಅಲ್ಲಿ ಕಡಲೆಕಾಯಿ ಬಿತ್ತಿ ಎಷ್ಟೋ ವರ್ಷಗಳಾದವು. ಈಗ ಅಲ್ಲಿ ಸಾಲು ಸಾಲಾಗಿ ಸೋಲಾರ್ ಪ್ಯಾನೆಲ್ ನಿಂತಿವೆ. ಹೊಲದ ಬದು ಎಲ್ಲಿತ್ತು ಅಂತ ಕೇಳಿದರೆ ಮಾವ ಒಂದು ಬೇವಿನ ಮರದ ಕಡೆ ಕೈ ತೋರಿಸುತ್ತಾರೆ. ಅದೊಂದು ಬೇಲಿಯ ಈಚೆ ಉಳಿದುಕೊಂಡಿದೆ.

ಇದು ಪಾವಗಡದ ಸೋಲಾರ್ ಪಾರ್ಕ್. ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನು, 2,050 ಮೆಗಾವಾಟ್ ವಿದ್ಯುತ್. 2018ರಲ್ಲಿ ಮೊದಲ ಹಂತ ಶುರುವಾಯಿತು, 2019ರ ಕೊನೆಗೆ ಪೂರ್ತಿ ಆಯಿತು. ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಟ್ಟ ವರ್ಷಗಳ ಲೆಕ್ಕ ಹಾಕಿದರೆ ಇದೇ ವಾಸಿ ಅಂತಾರೆ ಮಾವ. ಅತ್ತೆಗೆ ಹಾಗೆ ಅನ್ನಿಸಿಲ್ಲ. ಇಬ್ಬರ ಮಾತಲ್ಲೂ ನಿಜ ಇದೆ, ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ನಾನು ಸೋಲಾರ್ ಮೇಲೆ ಕೆಲಸ ಮಾಡುತ್ತೇನೆ ಅಂತ ಮಾವನಿಗೆ ಗೊತ್ತು. ಹಾಗಾಗಿ ಪ್ರತಿ ಹಬ್ಬಕ್ಕೂ ಒಂದೇ ಪ್ರಶ್ನೆ. "ಅಲ್ಲ ಕಣವ್ವ, ನೀನು ಮಾಡ್ತಿರೋ ಸೋಲಾರು ನಮ್ಮ ಹೊಲಕ್ಕೆ ಯಾವಾಗ ಬರುತ್ತೆ?" ತುಂಬ ವರ್ಷ ಈ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಇನ್ನೂ ಟೈಮ್ ಇದೆ ಮಾವ" ಅಂತ ಹೇಳಿ ಹೋಳಿಗೆ ಕಡೆ ತಿರುಗುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ. ಸರಿಯಾದ ಉತ್ತರ ಕೊಡಬೇಕು ಅಂದರೆ ನಾನು ಏನು ಮಾಡುತ್ತೇನೆ ಅಂತ ಮೊದಲಿಂದ ಹೇಳಬೇಕು. ಈ ಬರಹ ಅದಕ್ಕೇ.

ನನ್ನ ಮೇಜಿನ ಮೇಲೆ ಬೆರಳುದ್ದದ ಒಂದು ಗಾಜಿನ ಶೀಶೆ ಇದೆ. ಒಳಗೆ ಗಟ್ಟಿ ಡಿಕಾಕ್ಷನ್ ಥರದ ಕಂದು ದ್ರವ. ಅದರಲ್ಲಿ ತೇಲುತ್ತಿರುವುದು ಲೆಡ್ ಸಲ್ಫೈಡ್ ಅನ್ನುವ ಪದಾರ್ಥದ ಕಣಗಳು. ಸೀಸ, ಗಂಧಕ, ಎರಡೇ. ಭೂಮಿಯಲ್ಲಿ ಗೆಲೀನಾ ಅನ್ನುವ ಅದಿರಾಗಿ ಸಿಗುತ್ತೆ. ಹೊಳೆಯುವ ಬೂದು ಬಣ್ಣದ, ಕೈಗೆ ಎತ್ತಿಕೊಂಡರೆ ಅನಿಸಿದ್ದಕ್ಕಿಂತ ಭಾರವಾಗಿರುವ ಕಲ್ಲು. ಜಗದೀಶ ಚಂದ್ರ ಬೋಸರು ರೇಡಿಯೋ ಅಲೆ ಹಿಡಿಯಲು ಬಳಸಿದ್ದು ಇದೇ ಗೆಲೀನಾ. ಅದಕ್ಕೆ ಅವರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅರೆವಾಹಕ ಬಳಸಿದ ಸಾಧನಕ್ಕೆ ಸಿಕ್ಕ ಮೊದಲ ಪೇಟೆಂಟ್ ಅಂತಲೇ ಅದನ್ನು ಹೇಳುತ್ತಾರೆ. ಅಂದರೆ ನನ್ನ ಶೀಶೆಯಲ್ಲಿರುವ ವಸ್ತು ಹೊಸದೇನಲ್ಲ. ಹೊಸದು ಅದರ ಅಳತೆ. ಒಂದೊಂದು ಕಣವೂ 3 ನ್ಯಾನೋಮೀಟರ್. ತಲೆಗೂದಲಿನ ದಪ್ಪಕ್ಕೆ ಇಂಥ ಇಪ್ಪತ್ತು ಮೂವತ್ತು ಸಾವಿರ ಕಣಗಳನ್ನು ಸಾಲಾಗಿ ಜೋಡಿಸಬಹುದು. ಇವನ್ನೇ ಕ್ವಾಂಟಂ ಡಾಟ್ ಅನ್ನುವುದು.

ಅಳತೆ ಕಡಿಮೆಯಾದರೆ ಏನಾಗುತ್ತೆ? ಇಲ್ಲೇ ಇರುವುದು ಸೋಜಿಗ.

ನಲ್ಲಿ ಕೆಳಗೆ ಬಿಂದಿಗೆ ಇಟ್ಟು ನೀರು ತುಂಬಿಸಿದ್ದೀರಲ್ವಾ? ನಮ್ಮೂರಲ್ಲಿ ಹೆಂಗಸರು ಬಿಂದಿಗೆ ಕಡೆ ನೋಡದೆಯೇ ಮಾತಾಡುತ್ತಾ ನಿಂತಿರುತ್ತಾರೆ. ತುಂಬುವ ಹೊತ್ತಿಗೆ ಸರಿಯಾಗಿ ಕೈ ನಲ್ಲಿಗೆ ಹೋಗುತ್ತೆ. ಕಿವಿಯಲ್ಲೇ ಗೊತ್ತು. ನೀರು ಏರಿದಷ್ಟೂ ಒಳಗೆ ಗಾಳಿಗೆ ಜಾಗ ಕಮ್ಮಿ, ಜಾಗ ಕಮ್ಮಿಯಾದಷ್ಟೂ ಸದ್ದು ಮೇಲಿನ ಸ್ವರಕ್ಕೆ ಹೋಗುತ್ತೆ. ಬಿಂದಿಗೆ ಅದೇ, ನೀರು ಅದೇ, ಸ್ವರ ಮಾತ್ರ ಬೇರೆ. ಎಲೆಕ್ಟ್ರಾನಿಗೂ ಹೀಗೇ. ಅದಕ್ಕೂ ಅಲೆಯ ಗುಣ ಇದೆ. ದೊಡ್ಡ ಹರಳಿನಲ್ಲಿ ಅದು ಆರಾಮಾಗಿ ಹರಡಿಕೊಂಡಿರುತ್ತೆ. ಮೂರು ನ್ಯಾನೋಮೀಟರಿನ ಗೂಡಿಗೆ ತಳ್ಳಿದರೆ ಅದರ ಶಕ್ತಿ ಮೇಲಕ್ಕೇರುತ್ತೆ. ಕಣ ಚಿಕ್ಕದಾದಷ್ಟೂ ಶಕ್ತಿ ಜಾಸ್ತಿ. ಹಾಗಾಗಿ ಒಂದೇ ವಸ್ತು, ಅಳತೆ ಬದಲಾದರೆ ಬೇರೆ ಬೇರೆ ಬೆಳಕನ್ನು ಹೀರುತ್ತೆ. ಬೇರೆ ಬೆಳಕು ಬೇಕಾದರೆ ಬೇರೆ ವಸ್ತು ಹುಡುಕಬೇಕಿಲ್ಲ, ಇದೇ ವಸ್ತುವನ್ನು ಒಂದು ನ್ಯಾನೋಮೀಟರ್ ದೊಡ್ಡದು ಮಾಡಿದರೆ ಸಾಕು. ಮೊದಲ ಸಲ ಇದು ನನಗೆ ನಿಜವಾಗಿ ಅರ್ಥವಾದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಕಂಡುಹಿಡಿದವರ ಕಥೆ ಈಗ ತುಂಬ ಜನಕ್ಕೆ ಗೊತ್ತು, 2023ರ ಕೆಮಿಸ್ಟ್ರಿ ನೊಬೆಲ್ ಅವರಿಗೇ ಬಂತು. ಲೆನಿನ್‌ಗ್ರಾಡಿನಲ್ಲಿ ಅಲೆಕ್ಸೀ ಎಕಿಮೋವ್ ಬಣ್ಣದ ಗಾಜಿನ ಮೇಲೆ ಕೆಲಸ ಮಾಡುತ್ತಿದ್ದರು. ಒಂದೇ ತಾಮ್ರದ ಕ್ಲೋರೈಡ್ ಹಾಕಿದ ಗಾಜು, ಎಷ್ಟು ಕಾಯಿಸಿದರು, ಎಷ್ಟು ಹೊತ್ತು ಕಾಯಿಸಿದರು ಅನ್ನುವುದರ ಮೇಲೆ ಬೇರೆ ಬೇರೆ ಬೆಳಕು ಹೀರುತ್ತಿತ್ತು. ಅವರು ಅದನ್ನು ಪ್ರಕಟಿಸಿದ್ದು 1981ರಲ್ಲಿ, ಸೋವಿಯತ್ ಪತ್ರಿಕೆಯಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಲೂಯಿಸ್ ಬ್ರೂಸ್ ಅವರಿಗೆ ಇದು ಗೊತ್ತಿರಲಿಲ್ಲ. ಅವರು ದ್ರಾವಣದಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಕಣ ಮಾಡುತ್ತಿದ್ದರು. ಮಾಡಿದ್ದನ್ನು ಒಂದು ದಿನ ಮೇಜಿನ ಮೇಲೆ ಹಾಗೇ ಬಿಟ್ಟಿದ್ದರು, ಆಮೇಲೆ ನೋಡಿದರೆ ಅದು ಬೆಳಕು ಹೀರುವ ರೀತಿಯೇ ಬದಲಾಗಿತ್ತು. ಕಣಗಳು ಬೆಳೆದಿದ್ದವು. ಹೊಸದಾಗಿ ಮಾಡಿದ್ದು 4.5 ನ್ಯಾನೋಮೀಟರ್, ಬಿಟ್ಟಿದ್ದು 12.5. ಅದನ್ನು ಅವರು 1983ರಲ್ಲಿ ಬರೆದರು. ಬಿಟ್ಟಿದ್ದನ್ನು ಚೆಲ್ಲದೆ ಇನ್ನೊಮ್ಮೆ ಅಳೆದರಲ್ಲ, ಆ ಅಭ್ಯಾಸ ನನಗೆ ತುಂಬ ದೊಡ್ಡದಾಗಿ ಕಾಣುತ್ತೆ.

ಮೂರನೆಯವರು ಮೌಂಜಿ ಬಾವೆಂಡಿ. ಕಾಲೇಜಿನ ಮೊದಲ ಕೆಮಿಸ್ಟ್ರಿ ಪರೀಕ್ಷೆಯಲ್ಲಿ 100ಕ್ಕೆ 20 ತೆಗೆದಿದ್ದೆ ಅಂತ ನೊಬೆಲ್ ಬಂದ ಮೇಲೆ ಅವರೇ ಹೇಳಿಕೊಂಡರು. 1993ರಲ್ಲಿ ಎಂಐಟಿಯಲ್ಲಿ ಅವರು, ಅವರ ವಿದ್ಯಾರ್ಥಿಗಳು ಸೇರಿ ಎಲ್ಲ ಕಣಗಳೂ ಒಂದೇ ಅಳತೆಗೆ ಬರುವ ಹಾಗೆ ಡಾಟ್ ಮಾಡುವ ವಿಧಾನ ಕಂಡುಹಿಡಿದರು. ಇವತ್ತಿಗೂ ನಾವು ಲ್ಯಾಬಿನಲ್ಲಿ ಮಾಡುವುದು ಅದೇ ಕ್ರಮ, ಸ್ವಲ್ಪ ಆಚೀಚೆ.

ಆದರೆ ಇವರೆಲ್ಲರಿಗಿಂತ ಮೊದಲೇ ಲೆಡ್ ಸಲ್ಫೈಡಿನ ಇಂಥ ಕಣಗಳನ್ನು ಮನುಷ್ಯರು ಮಾಡಿದ್ದರು. ಎರಡು ಸಾವಿರ ವರ್ಷದ ಹಿಂದೆ, ಗ್ರೀಕರು, ರೋಮನ್ನರು. ಕೂದಲು ಕಪ್ಪು ಮಾಡಿಕೊಳ್ಳಲು ಅವರು ಸೀಸದ ಆಕ್ಸೈಡಿಗೆ ಸುಣ್ಣ, ನೀರು ಕಲಸಿ ತಲೆಗೆ ಹಚ್ಚುತ್ತಿದ್ದರು. ಕೂದಲಿನ ಪ್ರೋಟೀನಿನಲ್ಲಿ ಗಂಧಕ ಇದ್ದೇ ಇದೆ. ಸೀಸ ಒಳಗಿಳಿದು ಅದರ ಜೊತೆ ಸೇರುತ್ತಿತ್ತು. 2006ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದೇ ಪಾಕವನ್ನು ಕೂದಲಿಗೆ ಹಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕೂದಲಿನೊಳಗೆ ಸುಮಾರು 5 ನ್ಯಾನೋಮೀಟರಿನ ಲೆಡ್ ಸಲ್ಫೈಡ್ ಹರಳುಗಳು! ನಾನು ಮೂರು ಕುತ್ತಿಗೆಯ ಫ್ಲಾಸ್ಕು, ನೈಟ್ರೋಜನ್, ವ್ಯಾಕ್ಯೂಮ್ ಪಂಪು ಇಟ್ಟುಕೊಂಡು ಮಾಡುವ ಅಳತೆಯೇ. ತಲೆಗೆ ಸೀಸ ಹಚ್ಚುವುದು ಬೇಡವೇ ಬೇಡ, ಅದು ಬೇರೆ ಮಾತು.

ನಾನು ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಹಳದಿ ಬಣ್ಣದ ಲೆಡ್ ಆಕ್ಸೈಡ್ ಪುಡಿ, ಓಲಿಯಿಕ್ ಆಸಿಡ್, ಆಕ್ಟಡೆಸೀನ್ ಅನ್ನುವ ಎಣ್ಣೆಯಂಥ ದ್ರವ. ಮೂರನ್ನೂ ಫ್ಲಾಸ್ಕಿಗೆ ಹಾಕಿ, ಗಾಳಿ ತೆಗೆದು, ನೂರು ಡಿಗ್ರಿಗೆ ಕಾಯಿಸುತ್ತಾ ಕೂರಬೇಕು. ಪುಡಿ ಕರಗಿ ದ್ರವ ನೀರಿನಷ್ಟು ತಿಳಿಯಾಗುತ್ತೆ. ಆಮೇಲೆ ನೈಟ್ರೋಜನ್ ಬಿಡುತ್ತೇವೆ. ಸಿರಿಂಜಿನಲ್ಲಿ ಗಂಧಕ ಇರುವ ದ್ರಾವಣ ತುಂಬಿಕೊಂಡು ನಿಲ್ಲುತ್ತೇವೆ. ಈ ದ್ರಾವಣಕ್ಕೆ ಕೊಳೆತ ಮೊಟ್ಟೆಗಿಂತ ಕೆಟ್ಟ ವಾಸನೆ, ಎಷ್ಟು ಹುಷಾರಾಗಿದ್ದರೂ ಒಮ್ಮೊಮ್ಮೆ ಕಾರಿಡಾರಿಗೆಲ್ಲ ಗೊತ್ತಾಗಿಬಿಡುತ್ತೆ. ಥರ್ಮಾಮೀಟರ್ ನೋಡಿ, ಉಸಿರು ಹಿಡಿದು, ಸಿರಿಂಜನ್ನು ಒಂದೇ ಏಟಿಗೆ ಒತ್ತಬೇಕು. ನಿಧಾನ ಮಾಡಿದರೆ ಕೆಟ್ಟಿತು.

ಯಾಕೆ ಒಂದೇ ಏಟಿಗೆ ಅನ್ನುವುದು ಒಗ್ಗರಣೆ ಹಾಕಿದವರಿಗೆಲ್ಲ ಗೊತ್ತು. ಎಣ್ಣೆ ಸರಿಯಾಗಿ ಕಾದಿದ್ದರೆ ಸಾಸಿವೆ ಎಲ್ಲ ಒಟ್ಟಿಗೆ ಚಟಪಟ ಅನ್ನುತ್ತೆ. ಎಣ್ಣೆ ಕಾಯುವ ಮೊದಲೇ ಹಾಕಿದರೆ ಒಂದು ಈಗ ಸಿಡಿಯುತ್ತೆ, ಇನ್ನೊಂದು ಆಮೇಲೆ, ಕೆಲವು ಹಸಿಯಾಗೇ ಉಳಿಯುತ್ತವೆ, ಕೆಲವು ಸೀದುಹೋಗುತ್ತವೆ. ನಮ್ಮ ಫ್ಲಾಸ್ಕಿನಲ್ಲೂ ಎಲ್ಲ ಕಣಗಳೂ ಒಂದೇ ಕ್ಷಣದಲ್ಲಿ ಹುಟ್ಟಬೇಕು. ತಣ್ಣನೆಯ ದ್ರಾವಣ ಬಿದ್ದ ಕೂಡಲೇ ಶಾಖ ಸ್ವಲ್ಪ ಇಳಿಯುತ್ತೆ. ಅಲ್ಲಿಗೆ ಹೊಸ ಕಣ ಹುಟ್ಟುವುದು ನಿಲ್ಲುತ್ತೆ, ಹುಟ್ಟಿದವು ಮಾತ್ರ ಬೆಳೆಯುತ್ತವೆ. ಎಲ್ಲವೂ ಒಂದೇ ವಯಸ್ಸಿನವು, ಹಾಗಾಗಿ ಒಂದೇ ಅಳತೆಯವು.

ಆ ಕ್ಷಣವನ್ನು ನೂರಾರು ಸಲ ನೋಡಿದ್ದೇನೆ. ತಿಳಿ ದ್ರವದ ಮಧ್ಯೆ ಮೊದಲು ಒಂದು ಜೇನಿನ ಬಣ್ಣದ ಎಳೆ ಕಾಣುತ್ತೆ. ರೆಪ್ಪೆ ಹೊಡೆಯುವಷ್ಟರಲ್ಲಿ ಅದು ಕಂದು. ಇನ್ನೊಂದು ರೆಪ್ಪೆಗೆ ಕಪ್ಪು. ಅಷ್ಟೇ. ಆಮೇಲೆ ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಟಿವಿಗಳಲ್ಲಿ ಬಳಸುವ ಡಾಟ್‌ಗಳು ಕೆಂಪು, ಹಸಿರು ಅಂತ ಚೆಂದಾಗಿ ಹೊಳೆಯುತ್ತವೆ, ಫೋಟೋದಲ್ಲೂ ಅವೇ ಬರುತ್ತವೆ. ನನ್ನವು ಹೊಳೆಯುವುದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ. ಅದನ್ನು ನೋಡಲು ಉಪಕರಣ ಬೇಕು.

ಓಲಿಯಿಕ್ ಆಸಿಡ್ ಅಂದೆನಲ್ಲ, ಕಡಲೆಕಾಯಿ ಎಣ್ಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಕೊಬ್ಬಿನ ಆಸಿಡ್ ಅದೇ. ಅದಕ್ಕೆ ಹದಿನೆಂಟು ಕಾರ್ಬನ್ನಿನ ಉದ್ದನೆಯ ಬಾಲ. ತಲೆ ಕಣಕ್ಕೆ ಅಂಟಿಕೊಂಡಿರುತ್ತೆ, ಬಾಲ ಹೊರಗೆ ಚಾಚಿಕೊಂಡಿರುತ್ತೆ. ಪ್ರತಿ ಕಣಕ್ಕೂ ಹೀಗೆ ಮೈತುಂಬ ಬಾಲ. ಇವು ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿ ತಳ ಸೇರಿಬಿಡುತ್ತವೆ. ಮಾವನ ಹೊಲದ ಕಡಲೆಕಾಯಿ ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿದ್ದದ್ದು ನೆನಪಿದೆ. ಆ ಡಬ್ಬದಲ್ಲಿದ್ದದ್ದೇ ಈಗ ನನ್ನ ಡಾಟ್‌ಗಳ ಮೈ ಕಾಯುತ್ತಿದೆ ಅಂತ ಗೊತ್ತಾದಾಗ ಮಾವನಿಗೆ ಫೋನ್ ಮಾಡಿ ಹೇಳಿದ್ದೆ. "ಹೌದೇನವ್ವ" ಅಂದರು, ಅವರಿಗೂ ಖುಷಿಯಾಯಿತು.

ಈ ಮೈಯ ವಿಷಯವೇ ನನ್ನ ಸಂಶೋಧನೆ. 3 ನ್ಯಾನೋಮೀಟರಿನ ಒಂದು ಡಾಟ್‌ನಲ್ಲಿ ಐನೂರು ಚಿಲ್ಲರೆ ಪರಮಾಣುಗಳು ಇರುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೊರಮೈಯಲ್ಲೇ ಇರುತ್ತವೆ. ಒಳಗಿರುವ ಪರಮಾಣುವಿಗೆ ಸುತ್ತಲೂ ನೆಂಟರು. ಮೈಯಲ್ಲಿರುವುದಕ್ಕೆ ಒಂದು ಕಡೆ ಯಾರೂ ಇಲ್ಲ. ಅಲ್ಲಿ ಒಂದು ಲಿಗ್ಯಾಂಡ್, ಅಂದರೆ ಆ ಬಾಲದಂಥದ್ದು, ಹಿಡಿದುಕೊಂಡಿದ್ದರೆ ಸರಿ. ಇಲ್ಲದಿದ್ದರೆ ಅದೊಂದು ಗುಂಡಿ. ಹಾದುಹೋಗುವ ಎಲೆಕ್ಟ್ರಾನ್ ಅದರಲ್ಲಿ ಬೀಳುತ್ತೆ, ಮೇಲೇಳುವುದಿಲ್ಲ. ಬಿದ್ದ ಎಲೆಕ್ಟ್ರಾನಿನಿಂದ ಕರೆಂಟ್ ಬರುವುದಿಲ್ಲ.

ಈ ಪಾಠ ನನಗೆ ಓದಿ ಬರಲಿಲ್ಲ. ಪಿಎಚ್‌ಡಿಯ ಎರಡನೇ ವರ್ಷ, ಏಳು ತಿಂಗಳು ಡಾಟ್‌ಗಳಿಂದ ಮಾಡಿದ ನನ್ನ ಒಂದು ಸೋಲಾರ್ ಸೆಲ್ಲೂ ಸರಿಯಾಗಿ ಕೆಲಸ ಮಾಡಲಿಲ್ಲ. ಡಾಟ್ ಚೆನ್ನಾಗಿ ಬರುತ್ತಿತ್ತು. ಅಳತೆ ಸರಿ ಇರುತ್ತಿತ್ತು. ಸೆಲ್ ಮಾಡಿ ದೀಪದ ಕೆಳಗಿಟ್ಟರೆ ವೋಲ್ಟೇಜ್ ಏಳುತ್ತಿರಲಿಲ್ಲ. ನಾನು ಡಾಟ್ ಶುದ್ಧವಾಗಿಲ್ಲ ಅಂದುಕೊಂಡೆ. ಫ್ಲಾಸ್ಕಿನಿಂದ ತೆಗೆದ ಮೇಲೆ ಹೆಚ್ಚಿಗೆ ಉಳಿದ ಎಣ್ಣೆ, ಆಸಿಡ್ ಹೋಗಲು ಡಾಟ್‌ಗಳನ್ನು ತೊಳೆಯಬೇಕು. ಮೆಥನಾಲ್ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳ ಸೇರಿದ್ದನ್ನು ಮತ್ತೆ ಕರಗಿಸಿ, ಮತ್ತೆ ಮೆಥನಾಲ್. ಎರಡು ಸಲ ತೊಳೆಯುತ್ತಿದ್ದದ್ದನ್ನು ಮೂರು ಮಾಡಿದೆ. ಮೂರು ಐದಾಯಿತು. ಸೆಲ್ ಇನ್ನೂ ಕೆಟ್ಟಿತು. ರಾತ್ರಿ ಹತ್ತು ಗಂಟೆಗೆ ಲ್ಯಾಬ್ ಬೀಗ ಹಾಕಿ ಹಾಸ್ಟೆಲ್ಲಿಗೆ ನಡೆಯುವಾಗ ಅಳು ಬರುತ್ತಿತ್ತು.

ಯುಗಾದಿಗೆ ಊರಿಗೆ ಹೊರಟಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ಆ ದಿನದ ಡಾಟನ್ನು ಒಂದೇ ಸಲ ತೊಳೆದು ಶೀಶೆಗೆ ಹಾಕಿಟ್ಟು ಓಡಿದೆ. ಊರಿಂದ ಬಂದ ಮೇಲೆ ಅದರಲ್ಲೇ ಸೆಲ್ ಮಾಡಿದೆ. ಆವರೆಗೆ ನಾನು ಮಾಡಿದ್ದರಲ್ಲೆಲ್ಲ ಅದೇ ಒಳ್ಳೆ ಸೆಲ್. ನಂಬಿಕೆ ಬರಲಿಲ್ಲ. ಮೂರು ಸಲ ಅಳೆದೆ. ನೋಟ್‌ಬುಕ್ ತೆಗೆದು ಹಿಂದಕ್ಕೆ ಓದುತ್ತಾ ಹೋದೆ. ತೊಳೆದ ಲೆಕ್ಕ ಒಂದೇ ಬದಲಾಗಿದ್ದದ್ದು.

ಊರಿನಲ್ಲಿ ಆ ಹಬ್ಬದ ದಿನವೇ ಅಮ್ಮ ನನಗೆ ಬೈದಿದ್ದರು. "ಅಕ್ಕಿ ಎಷ್ಟು ಸಲ ತೊಳೀತೀಯೇ, ಸತ್ವ ಎಲ್ಲ ನೀರಲ್ಲಿ ಹೋಗುತ್ತೆ." ಲ್ಯಾಬಿನ ಮೇಜಿನ ಮುಂದೆ ಕೂತಾಗ ಆ ಮಾತು ನೆನಪಾಗಿ ಮೈ ಜುಮ್ಮೆಂದಿತು. ಮೆಥನಾಲ್ ಬರೀ ಕೊಳೆ ತೆಗೆಯುವುದಿಲ್ಲ. ಅದು ಮೈಗೆ ಅಂಟಿದ ಲಿಗ್ಯಾಂಡನ್ನೂ ಕಿತ್ತುಕೊಂಡು ಹೋಗುತ್ತೆ. ಪ್ರತಿ ತೊಳೆತಕ್ಕೂ ನಾನು ಗುಂಡಿ ತೋಡುತ್ತಿದ್ದೆ. ಆಮೇಲೆ ಹುಡುಕಿದರೆ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಗುಂಪೊಂದು 2012ರಲ್ಲೇ ಇದನ್ನು ಬರೆದಿತ್ತು. ಲೆಡ್ ಸೆಲೆನೈಡ್, ಕ್ಯಾಡ್ಮಿಯಂ ಸೆಲೆನೈಡ್ ಡಾಟ್‌ಗಳಲ್ಲಿ ಮೆಥನಾಲಿನಂಥ ಆಲ್ಕೋಹಾಲ್‌ಗಳು ಲಿಗ್ಯಾಂಡ್ ಕೀಳುತ್ತವೆ, ಅಸಿಟೋನೈಟ್ರೈಲ್ ಕೀಳುವುದಿಲ್ಲ ಅಂತ. ಆ ಪೇಪರನ್ನು ನಾನು ಮೊದಲೇ ಓದಬೇಕಿತ್ತು. ಓದಿದ್ದರೆ ಏಳು ತಿಂಗಳು ಉಳಿಯುತ್ತಿತ್ತು. ಈಗ ಲ್ಯಾಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಮೊದಲ ವಾರವೇ ಅದನ್ನು ಓದಿಸುತ್ತೇನೆ.

ಇನ್ನೊಂದು ತೊಡಕಿದೆ. ಡಾಟ್‌ಗಳನ್ನು ಕಾಯುವ ಆ ಬಾಲವೇ ಸೋಲಾರ್ ಸೆಲ್ಲಿಗೆ ಅಡ್ಡಿ. ಕೊಬ್ಬಿನ ಬಾಲದ ಮೂಲಕ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಡಾಟ್‌ಗಳನ್ನು ಗಾಜಿನ ಮೇಲೆ ತೆಳುವಾಗಿ ಹರಡಿದ ಮೇಲೆ ಉದ್ದ ಬಾಲ ತೆಗೆದು, ಗಿಡ್ಡನೆಯ ಲಿಗ್ಯಾಂಡ್ ಹಾಕಬೇಕು. ನಾವು ಹೆಚ್ಚಾಗಿ ಅಯೋಡೈಡ್ ಬಳಸುತ್ತೇವೆ. ಎಣ್ಣೆ ನೀರು ಹಾಕಿದ ಕೂಸಿನ ಮೈಯಿಂದ ಟವೆಲ್ ತೆಗೆದು ಅಂಗಿ ತೊಡಿಸಿದ ಹಾಗೆ ಇದು. ಟವೆಲ್ ಜಾರಿದ ಮೇಲೆ ಅಂಗಿ ಬರುವ ತನಕ ಮೈಗೆ ಗಾಳಿ ತಗಲಬಾರದು. ಇಲ್ಲಿ ಗಾಳಿ ತಗಲಿದರೆ ಸೀಸ ಆಕ್ಸಿಜನ್ ಹಿಡಿದುಕೊಳ್ಳುತ್ತೆ, ಸೆಲ್ ಕೆಡುತ್ತೆ. ಒಂದು ಪದರ ಹರಡಿ, ಬದಲಾಯಿಸಿ, ಮೇಲೆ ಇನ್ನೊಂದು ಪದರ. ಹತ್ತು ಪದರ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಭಾಗ. ಬೆಳಕು ಹೀರಲು ಅಷ್ಟು ಸಾಕು. ಮಾವನ ಹೊಲದ ಪ್ಯಾನೆಲ್‌ಗಳಲ್ಲಿರುವ ಸಿಲಿಕಾನ್ ಇದರ ನಾಲ್ಕೈದು ನೂರು ಪಟ್ಟು ದಪ್ಪ ಇರುತ್ತೆ.

ಈಗ ಮಾವನ ಪ್ರಶ್ನೆಗೆ ಹತ್ತಿರ ಬಂದೆ. ಇಷ್ಟೆಲ್ಲ ಮಾಡಿ ಎಷ್ಟು ಕರೆಂಟ್ ಬರುತ್ತೆ?

2005ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಟೆಡ್ ಸಾರ್ಜೆಂಟ್ ಅವರ ಗುಂಪು ಲೆಡ್ ಸಲ್ಫೈಡ್ ಡಾಟ್‌ಗಳಿಂದ ಇನ್ಫ್ರಾರೆಡ್ ಬೆಳಕಿನಲ್ಲೂ ಕರೆಂಟ್ ಬರುತ್ತೆ ಅಂತ ತೋರಿಸಿತು. ದಕ್ಷತೆ, ಅಂದರೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಕರೆಂಟಾಗುವ ಪಾಲು, ಶೇ 1ಕ್ಕಿಂತ ಎಷ್ಟೋ ಕಡಿಮೆ. 2014ರಲ್ಲಿ ಬಾವೆಂಡಿ ಮತ್ತು ವ್ಲಾಡಿಮಿರ್ ಬುಲೋವಿಚ್ ಅವರ ಗುಂಪು ಎಂಐಟಿಯಲ್ಲಿ ಶೇ 8.55ಕ್ಕೆ ತಂದಿತು. ಆ ಸೆಲ್‌ಗಳನ್ನು ಏನೂ ಮುಚ್ಚದೆ ಗಾಳಿಯಲ್ಲಿ 150 ದಿನ ಇಟ್ಟರೂ ಕೆಡಲಿಲ್ಲ. ನಮ್ಮ ಕ್ಷೇತ್ರದವರಿಗೆ ದಕ್ಷತೆಗಿಂತ ಆ 150 ದೊಡ್ಡದು. ಆಮೇಲೆ ಪೆರೋವ್‌ಸ್ಕೈಟ್ ಅನ್ನುವ ಬೇರೆ ಜಾತಿಯ ವಸ್ತುವಿನಲ್ಲಿ ಡಾಟ್ ಮಾಡಿದರು. ಅಮೆರಿಕದ ಎನ್‌ಆರ್‌ಇಎಲ್ ಅನ್ನುವ ಸರ್ಕಾರಿ ಪ್ರಯೋಗಾಲಯದಲ್ಲಿ 2017ರಲ್ಲಿ ಶೇ 13.43, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2020ರಲ್ಲಿ 16.6, ಕೊರಿಯಾದ ಉಲ್ಸಾನಿನಲ್ಲಿ 2024ರಲ್ಲಿ 18.1. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಪ್ಯಾನೆಲ್ ಶೇ 20ರಿಂದ 23 ಕೊಡುತ್ತೆ, ಇಪ್ಪತ್ತೈದು ವರ್ಷ ಬಿಸಿಲು ಮಳೆಯಲ್ಲಿ ನಿಲ್ಲುತ್ತೆ. ನಮ್ಮದು ಉಗುರಿಗಿಂತ ಚಿಕ್ಕ ಸೆಲ್. ನಿಜ ಹೇಳಬೇಕಲ್ವಾ, ಸಿಲಿಕಾನಿನ ಜಾಗಕ್ಕೆ ನನ್ನ ಡಾಟ್ ಬರುವುದಿಲ್ಲ. ಬರಬೇಕು ಅಂತ ನನಗೆ ಆಸೆಯೂ ಇಲ್ಲ. ಸಿಲಿಕಾನ್ ತನ್ನ ಕೆಲಸ ಚೆನ್ನಾಗಿ ಮಾಡುತ್ತಿದೆ.

ಬಣ್ಣದ ಹಾಗೆ ಬಳಿಯುವ ಸೋಲಾರ್ ಅನ್ನುವ ಆಸೆಯೂ ಇದೇ ಡಾಟ್‌ಗಳಿಂದ ಹುಟ್ಟಿದ್ದು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಪ್ರಶಾಂತ್ ಕಾಮತ್ ಅವರ ಗುಂಪು 2011ರಲ್ಲಿ ಅದನ್ನು ಮಾಡಿತು. ಗೋಡೆಯ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡಿಗೆ ಕ್ಯಾಡ್ಮಿಯಂ ಡಾಟ್ ಹಚ್ಚಿ, ಪೇಸ್ಟ್ ಮಾಡಿ, ಬ್ರಷ್ಷಿನಲ್ಲಿ ಬಳಿದರು. ಬಂದದ್ದು ಶೇ 1 ಅಷ್ಟೇ, ಆದರೆ ಬಂತು. ಕಾಮತರು ಕಾರವಾರದ ಪಕ್ಕದ ಬಿಣಗಾದವರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವೀಧರರು. ಬೆಳಕು ಬಿದ್ದ ಮೇಲೆ ಡಾಟ್‌ನೊಳಗಿನ ಎಲೆಕ್ಟ್ರಾನ್ ಎಷ್ಟು ಬೇಗ ಎಲ್ಲಿಗೆ ಹಾರುತ್ತೆ ಅಂತ ಅವರು ದಶಕಗಟ್ಟಲೆ ಅಳೆದಿದ್ದಾರೆ. ನಾವು ಆ ಅಳತೆಗಳ ಮೇಲೆ ನಿಂತು ಕೆಲಸ ಮಾಡುತ್ತಿದ್ದೇವೆ.

ಹಾಗಾದರೆ ನನ್ನ ಡಾಟ್ ಯಾತಕ್ಕೆ? ಸಿಲಿಕಾನ್ ಬಿಟ್ಟುಕೊಡುವ ಬೆಳಕಿಗೆ.

ಎಲೆಕ್ಟ್ರಾನ್ ಬೀದಿಯಲ್ಲಿ ನಿಂತಿದೆ ಅಂದುಕೊಳ್ಳಿ. ಅದು ಜಗಲಿ ಹತ್ತಿದರೆ ಮಾತ್ರ ಕರೆಂಟಾಗಿ ನಡೆಯುತ್ತೆ. ಹತ್ತಿಸುವುದು ಬೆಳಕು. ಒಂದೊಂದು ವಸ್ತುವಿನ ಜಗಲಿ ಒಂದೊಂದು ಎತ್ತರ. ನಾವು ಬ್ಯಾಂಡ್ ಗ್ಯಾಪ್ ಅನ್ನುವುದು ಈ ಎತ್ತರಕ್ಕೇ. ಸಿಲಿಕಾನಿನದು 1.12 ಎಲೆಕ್ಟ್ರಾನ್ ವೋಲ್ಟ್. ನೀಲಿ ಬೆಳಕು ಬಲಶಾಲಿ, ಎಲೆಕ್ಟ್ರಾನನ್ನು ಮಾಳಿಗೆಗೇ ಎಸೆಯುತ್ತೆ. ಆದರೆ ಅದು ಜಾರಿ ಜಗಲಿಗೇ ಬರುತ್ತೆ, ಮೇಲಿನ ಶಕ್ತಿ ಬಿಸಿಯಾಗಿ ಹೋಗುತ್ತೆ. ಇನ್ಫ್ರಾರೆಡ್ ಬಡಪಾಯಿ. 1,100 ನ್ಯಾನೋಮೀಟರಿಗಿಂತ ಉದ್ದದ ಅಲೆಗೆ ಸಿಲಿಕಾನಿನ ಜಗಲಿ ಎಟುಕುವುದೇ ಇಲ್ಲ. ಅದು ಸಿಲಿಕಾನನ್ನು ಗಾಜಿನ ಹಾಗೆ ತೂರಿಕೊಂಡು ಆಚೆ ಹೋಗುತ್ತೆ. ಭೂಮಿಗೆ ಬರುವ ಸೂರ್ಯನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಇದೇ. ಈ ಎರಡು ನಷ್ಟ ಸೇರಿಸಿ 1961ರಲ್ಲಿ ಶಾಕ್ಲಿ ಮತ್ತು ಕ್ವೈಸರ್ ಅನ್ನುವ ವಿಜ್ಞಾನಿಗಳು ಒಂದು ಲೆಕ್ಕ ಕೊಟ್ಟರು. ಒಂದೇ ಜಗಲಿಯ ಸೆಲ್, ಎಷ್ಟೇ ಚೆನ್ನಾಗಿ ಮಾಡಿದರೂ, ಶೇ 33ರ ಆಸುಪಾಸು ದಾಟುವುದಿಲ್ಲ.

ಡಾಟ್‌ಗಳು ಈ ಎರಡೂ ನಷ್ಟಕ್ಕೆ ಕೈ ಹಾಕುತ್ತವೆ. ಮಾಳಿಗೆಗೆ ಹಾರಿದ ಎಲೆಕ್ಟ್ರಾನ್ ಕೆಳಗೆ ಜಾರುವಾಗ ಇನ್ನೊಂದನ್ನು ಜಗಲಿಗೆ ಎತ್ತಬಹುದು. 2011ರಲ್ಲಿ ಎನ್‌ಆರ್‌ಇಎಲ್‌ನವರು ಲೆಡ್ ಸೆಲೆನೈಡ್ ಡಾಟ್ ಸೆಲ್ಲಿನಲ್ಲಿ ಇದನ್ನು ತೋರಿಸಿದರು. ಬಲವಾದ ಬೆಳಕಿನ 100 ಫೋಟಾನ್, ಅಂದರೆ ಬೆಳಕಿನ ಕಣ, ಬಿದ್ದರೆ 114 ಎಲೆಕ್ಟ್ರಾನ್ ಹೊರಗೆ ಬಂತು. ಇನ್ನೊಂದು ನಷ್ಟಕ್ಕೆ ದಾರಿ ಇನ್ನೂ ಸುಲಭ. ಲೆಡ್ ಸಲ್ಫೈಡ್ ಡಾಟನ್ನು 3 ನ್ಯಾನೋಮೀಟರಿನಿಂದ 4.5ಕ್ಕೆ ಬೆಳೆಸಿದರೆ ಜಗಲಿ ತಗ್ಗುತ್ತೆ, ಸುಮಾರು 1,300 ನ್ಯಾನೋಮೀಟರಿನ ತನಕದ ಬೆಳಕು ಎಟುಕುತ್ತೆ. ಸಿಲಿಕಾನಿನ ಬೆನ್ನ ಹಿಂದೆ ಅಂಥ ಡಾಟ್‌ಗಳ ತೆಳು ಪದರ ಇದ್ದರೆ ತೂರಿಹೋಗುವ ಬೆಳಕಿನಲ್ಲಿ ಒಂದಿಷ್ಟನ್ನು ಹಿಡಿಯಬಹುದು. ಅದೇ ಪ್ಯಾನೆಲ್, ಅದೇ ಹೊಲ. ಇನ್ನೊಬ್ಬ ರೈತನ ಇನ್ನೊಂದು ಎಕರೆ ಬೇಲಿಯೊಳಗೆ ಹೋಗಬೇಕಿಲ್ಲ. ನನಗೆ ಈ ಕೆಲಸ ಬಿಡಲಾಗದಿರುವುದು ಈ ಕಾರಣಕ್ಕೆ.

ಅಮ್ಮನ ಪ್ರಶ್ನೆ ಬೇರೆ. "ಸೀಸ ಅಂದ್ರೆ ವಿಷ ಅಲ್ವೇನೇ?" ಹೌದು, ವಿಷ. ಮಕ್ಕಳಿಗಂತೂ ತುಂಬ ಕೆಟ್ಟದ್ದು. ಒಂದು ಚದರ ಮೀಟರ್ ಸೆಲ್ಲಿಗೆ ನನ್ನ ಲೆಕ್ಕದಲ್ಲಿ ಒಂದೆರಡು ಗ್ರಾಂ ಸೀಸ ಬೀಳುತ್ತೆ. ಈಗಿನ ಬಹಳಷ್ಟು ಸಿಲಿಕಾನ್ ಪ್ಯಾನೆಲ್‌ಗಳ ಬೆಸುಗೆಯಲ್ಲೂ ಸೀಸ ಇದೆ. ಹಾಗಂತ ನಾನು ಸಮಾಧಾನ ಮಾಡಿಕೊಳ್ಳುವುದಿಲ್ಲ. ಬಾರ್ಸಿಲೋನಾದ ಒಂದು ಗುಂಪು ಬೆಳ್ಳಿ, ಬಿಸ್ಮತ್, ಗಂಧಕ ಸೇರಿಸಿ ಸೀಸವೇ ಇಲ್ಲದ ಕಣ ಮಾಡಿದೆ. 2016ರಲ್ಲಿ ಶೇ 6ರ ಆಸುಪಾಸಿದ್ದದ್ದು 2022ರ ಹೊತ್ತಿಗೆ 9 ದಾಟಿತು. ನಮ್ಮ ಲ್ಯಾಬಿನಲ್ಲೂ ಈಗ ಒಂದು ಫ್ಲಾಸ್ಕ್ ಅದಕ್ಕೇ ಮೀಸಲು. ಆದರೆ ಅದು ನನಗೆ ಬೇಕಾದಷ್ಟು ಉದ್ದದ ಅಲೆಯನ್ನು ಹಿಡಿಯುವುದಿಲ್ಲ. ಹುಡುಕಬೇಕು.

ಮೊನ್ನೆ ವೈಶಾಖದಲ್ಲಿ ಬೆಂಗಳೂರಿನಲ್ಲಿ ನೆಂಟರ ಮದುವೆ ಇತ್ತು. ಮಾವ ಬಂದಿದ್ದರು. ಊಟ ಮುಗಿಸಿ, "ನಿನ್ನ ಸೋಲಾರು ತೋರ್ಸವ್ವ" ಅಂದರು. ಕರೆದುಕೊಂಡು ಹೋದೆ.

ಚಪ್ಪಲಿ ಹೊರಗೆ ಬಿಡಲು ಹೋದರು, ಬೇಡ ಅಂದೆ. ಕನ್ನಡಕ, ಬಿಳಿ ಕೋಟು ಕೊಟ್ಟೆ. ಪಂಚೆಯ ಮೇಲೆ ಕೋಟು ಹಾಕಿಕೊಂಡು ಶಿಸ್ತಾಗಿ ನಿಂತರು. ಸೂರ್ಯನ ಬೆಳಕನ್ನೇ ಹೋಲುವ ದೀಪ ಹಚ್ಚಿ ಅದರ ಕೆಳಗೆ ನನ್ನ ಸೆಲ್ ಇಟ್ಟೆ. ಒಂದು ಅಕ್ಕಿಕಾಳಿನಷ್ಟು ಜಾಗ ಮಾತ್ರ ಕೆಲಸ ಮಾಡುವುದು. ಮೀಟರಿನಲ್ಲಿ 1.2 ಮಿಲಿಆಂಪಿಯರ್ ಬಂತು. "ಇಷ್ಟೇನಾ?" ಅಂದರು. "ಇಷ್ಟೇ ಮಾವ" ಅಂದೆ.

ಆಮೇಲೆ ಒಂದು ಸಿಲಿಕಾನ್ ಬಿಲ್ಲೆ ತೆಗೆದೆ. ಎರಡೂ ಕಡೆ ನಯ ಮಾಡಿದ್ದು, ಕಪ್ಪು ಕನ್ನಡಿಯ ಹಾಗಿರುತ್ತೆ. ಮಾವನ ಕೈಗೆ ಕೊಟ್ಟೆ. "ನಿಮ್ಮ ಹೊಲದಲ್ಲಿ ನಿಂತಿರೋದು ಇದೇ. ಬೆಳಕಿಗೆ ಹಿಡಿದು ನೋಡಿ, ಆಚೆ ಏನಾದರೂ ಕಾಣುತ್ತಾ?" ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಏನೂ ಕಾಣುವುದಿಲ್ಲ ಅಂದರು. ಅದನ್ನೇ ಸೆಲ್ಲಿನ ಮೇಲೆ, ದೀಪಕ್ಕೆ ಅಡ್ಡವಾಗಿ ಇಟ್ಟೆ. ಸೆಲ್ ಪೂರ್ತಿ ಕತ್ತಲಾಯಿತು. ಮೀಟರ್ ಇಳಿಯಿತು. ಇಳಿದು 0.08ರಲ್ಲಿ ನಿಂತಿತು.

"ಸೊನ್ನೆ ಆಗಲಿಲ್ಲವಲ್ಲ" ಅಂದರು ಮಾವ.

"ಸಿಲಿಕಾನ್ ಹಿಡಿಯದೆ ಬಿಟ್ಟ ಬೆಳಕು ಅದು. ನಿಮ್ಮ ಹೊಲದಲ್ಲಿ ಅದು ಪ್ಯಾನೆಲ್ ತೂರಿ ಸುಮ್ನೆ ಹೋಗುತ್ತೆ. ಅದನ್ನ ಹಿಡಿಯೋದೇ ನನ್ನ ಕೆಲಸ."

ಮಾವ ಮಾತಾಡಲಿಲ್ಲ. ದೀಪಕ್ಕೂ ಬಿಲ್ಲೆಗೂ ಮಧ್ಯೆ ಅಂಗೈ ಅಡ್ಡ ಹಿಡಿದರು. ಮೀಟರ್ ಸೊನ್ನೆಯ ಹತ್ತಿರ ಬಂತು. ಕೈ ತೆಗೆದರು. 0.08. ಮತ್ತೆ ಹಿಡಿದರು, ಮತ್ತೆ ತೆಗೆದರು. ಹೊರಗೆ ಕಾರಿನಲ್ಲಿ ಅತ್ತೆ ಕಾಯುತ್ತಿದ್ದಾರೆ, ಹೊತ್ತಾಯಿತು ಅಂತ ನಾನು ದೀಪ ಆರಿಸಲು ಹೋದೆ.

"ತಾಳವ್ವ" ಅಂದರು, ಕಣ್ಣು ಮೀಟರಿನ ಮೇಲೇ ಇಟ್ಟು. "ಇನ್ನೊಂದು ಸಲ ನೋಡ್ತೀನಿ."